ಅಪ್ಪನ ಅಂಗಿ, ಅವ್ವನ ಕೌದಿ, ನಮ್ಮ ಪೇಡಾ



ನನಗಿಂತ ಮುಂಚೆ ಮಾತಾಡಿದವರು ಸ್ಟಾರ್ಟಪ್ ಬಗ್ಗೆ ಹೇಳಿದ್ರು, ಮ್ಯೂಚುವಲ್ ಫಂಡ್ ಬಗ್ಗೆ ಹೇಳಿದ್ರು, ನಲವತ್ತು ದಾಟಿದ ಮೇಲೆ ಕೆಲಸ ಉಳಿಸಿಕೊಳ್ಳೋದು ಹೇಗೆ ಅಂತಾನೂ ಹೇಳಿದ್ರು. ನಾನು ತಂದಿರೋದು ಇದನ್ನ. ಒಂದು ಕೌದಿ. ಮೇಜಿನ ಮೇಲೆ ಹರವಿದ್ದೀನಿ, ಕ್ಯಾಮೆರಾದಲ್ಲಿ ಕಾಣ್ತಿರಬೇಕು. ಹೆಸರು ಕೇಳಿಲ್ಲದವರಿಗೆ ಒಂದು ಮಾತು: ಹಳೇ ಸೀರೆ, ಧೋತರ, ಅಂಗಿಗಳನ್ನ ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿದ ಹೊದಿಕೆ. ನಮ್ಮ ಧಾರವಾಡದ ಕಡೆ ಇದಿಲ್ಲದ ಮನೆ ಇರ್ತಿರಲಿಲ್ಲ.

ಇದು 6 ಅಡಿ ಉದ್ದ, 4 ಅಡಿ ಅಗಲ ಇದೆ. ಎಂಟು ಭಾನುವಾರ ಹಿಡೀತು. ಹೊಲಿದವರು ಐದು ಜನ. ಅದರಲ್ಲಿ ಸರಿಯಾಗಿ ಹೊಲಿಗೆ ಬರ್ತಿದ್ದದ್ದು ಇಬ್ಬರಿಗೆ. ನಾನು ಆ ಇಬ್ಬರಲ್ಲಿ ಇಲ್ಲ. ಈ ಮೂಲೆ ನೋಡಿ, ಒಂಚೂರು ಹರಿದಿದೆ. ಅದು ನಮ್ಮ ನಾಯಿಯ ಹಲ್ಲಿನ ಗುರುತು. ಮೊದಲು ಅವನ ಪರಿಚಯ ಮಾಡಿಸ್ತೀನಿ.

2010ರ ಮಳೆಗಾಲ. ಪುಣೆಯ ವಾಕಡ್‌ನಲ್ಲಿ ನಾವು ಬಾಡಿಗೆಗಿದ್ವಿ. ಪಕ್ಕದಲ್ಲಿ ಕಟ್ಟಡ ಏಳ್ತಾ ಇತ್ತು. ಅಲ್ಲಿನ ಮರಳಿನ ಗುಡ್ಡೆ ಪಕ್ಕ ಒಂದು ಬೀದಿನಾಯಿ ಮರಿ ನೆಂದು ನಡುಗ್ತಾ ಕೂತಿತ್ತು. ಕಂದು ಮೈ, ಮೂತಿ ಮೇಲೆ ಬಿಳಿ, ಥೇಟ್ ಸಕ್ಕರೆ ಉದುರಿಸಿದ ಧಾರವಾಡ ಪೇಡೆ. ಹೆಸರೂ ಅದೇ ಆಯ್ತು. ಫೋನಿನಲ್ಲಿ ಅವ್ವನಿಗೆ ಹೇಳಿದಾಗ, "ಊರಾಗಿನ ಪೇಡೆದ ಹೆಸರು ನಾಯಿಗಿ ಇಟ್ಟೀಯಲ್ಲೋ, ನಿನಗೇನರ ಬುದ್ಧಿ ಐತೇನು?" ಅಂತ ಬೈದಳು.

ಅಪ್ಪನಿಗೆ ಮಾತ್ರ ಅವನಂದ್ರೆ ಪ್ರಾಣ. ನವಲಗುಂದ ತಾಲೂಕಿನ ಒಂದು ಹಳ್ಳಿಯ ರೈತ ನಮ್ಮಪ್ಪ. ಹಿಂಗಾರಿ ಸುಗ್ಗಿ ಮುಗಿಸಿ ವರ್ಷಕ್ಕೊಮ್ಮೆ ಪುಣೆಗೆ ಬಂದ್ರೆ ಬೆಳಗ್ಗೆ ಪೇಡಾನ ಜೊತೆ ಬಾಣೇರ್ ಟೇಕಡಿ ಹತ್ತೋದು, ಸಂಜೆ ಅವನಿಗೆ ರೊಟ್ಟಿ ಮುರಿದು ಹಾಕೋದು. ಹೀಗಾಗಿ ನಮ್ಮ ನಾಯಿಗೆ ಮರಾಠಿ, ಹಿಂದಿ ಬರ್ತಿರಲಿಲ್ಲ. ಬಾ, ಕೂಡು, ಸಾಕು. ಇಷ್ಟೇ ಅವನ ಭಾಷೆ. ಅವ್ವ ಮಾತ್ರ ದೂರ. ಅಡುಗೆ ಮನೆ ಹೊಸ್ತಿಲು ದಾಟಿಸ್ತಿರಲಿಲ್ಲ, ಮೈ ಮುಟ್ಟಿಸ್ಕೋತಿರಲಿಲ್ಲ.

2022ರ ಜೂನ್‌ನಲ್ಲಿ ಅಪ್ಪ ಹೋದರು. ಶ್ರಾವಣದಲ್ಲಿ ಅವ್ವನನ್ನ ಪುಣೆಗೆ ಕರ್ಕೊಂಡು ಬಂದೆ. ಬರುವಾಗ ಅವಳು ಒಂದು ಟ್ರಂಕು, ಒಂದು ಚೀಲ ಜೋಳ, ಇನ್ನೊಂದು ನೀಲಿ ಚೀಲ ತಂದಳು. ನೀಲಿ ಚೀಲದ ತುಂಬ ಅಪ್ಪನ ಅಂಗಿಗಳು. ಯಾಕೆ ತಂದಿದ್ದಾಳೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಹೇಳೋದು ನನ್ನ ತಪ್ಪಿನ ಕಥೆ. ಸೆಪ್ಟೆಂಬರ್‌ನಲ್ಲಿ ನಮ್ಮ ಸೊಸೈಟಿಯಲ್ಲಿ ಹಳೇ ಬಟ್ಟೆ ದಾನಕ್ಕೆ ಸಂಗ್ರಹ ಮಾಡ್ತಿದ್ರು. ಎರಡು ಕಾಲ್‌ಗಳ ನಡುವೆ ಹದಿನೈದು ನಿಮಿಷ ಬಿಡುವಿತ್ತು. ಕಪಾಟಿನಲ್ಲಿ ಜಾಗ ಇಲ್ಲ ಅಂದುಕೊಂಡು ಆ ನೀಲಿ ಚೀಲ ತಗೊಂಡು ಹೋಗಿ ಕೊಟ್ಟು ಬಂದೆ. ಅವ್ವ ಆಗ ದೇವಸ್ಥಾನಕ್ಕೆ ಹೋಗಿದ್ದಳು. ಜಾಗ ಇಲ್ಲ ಅನ್ನೋದು ನೆಪ. ಕಪಾಟು ತೆಗೆದಾಗೆಲ್ಲ ಅಪ್ಪನ ವಾಸನೆ ಬರ್ತಿತ್ತು. ನನಗೆ ಅದು ತಡೀತಿರಲಿಲ್ಲ. ಅವ್ವನಿಗೆ ಅದೇ ವಾಸನೆ ಬೇಕಾಗಿರಬಹುದು ಅಂತ ನನ್ನ ತಲೆಗೆ ಹೊಳೀಲೇ ಇಲ್ಲ.

ನವರಾತ್ರಿ ಹತ್ತಿರ ಬಂತು. ನಮ್ಮ ಕಡೆಯವರಿಗೆ ಗೊತ್ತಿರತ್ತೆ, ದಸರಾಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೀಬೇಕು. ನಾನು ಹುಡುಗನಿದ್ದಾಗ ಚಕ್ಕಡಿ ತುಂಬ ಕೌದಿ ಹೇರ್ಕೊಂಡು ಹಳ್ಳಕ್ಕೆ ಹೋಗ್ತಿದ್ವಿ. ನೆಂದ ಕೌದಿ ಎತ್ತೋಕೆ ಇಬ್ಬರು ಬೇಕು. ಹೆಂಗಸರು ಬಡಿದು ಬಡಿದು ಒಗೆದು ಬಂಡೆ, ಬೇಲಿ, ಹುಲ್ಲಿನ ಮೇಲೆ ಹರವ್ತಿದ್ರು. ಮಳೆ ತೊಳೆದ ಆಕಾಶ, ಹದವಾದ ಬಿಸಿಲು, ಹಳ್ಳದ ದಂಡೆ ತುಂಬ ಬಣ್ಣ. ಶರತ್ಕಾಲ ಅಂದ್ರೆ ನನಗೆ ಇವತ್ತಿಗೂ ಅದೇ ಕಣ್ಮುಂದೆ ಬರತ್ತೆ.

ಆ ವರ್ಷ ನಮಗೆ ಹಬ್ಬ ಇರಲಿಲ್ಲ. ಆದ್ರೂ ಅವ್ವ ಕೇಳಲಿಲ್ಲ. "ಹಬ್ಬ ಇಲ್ಲಂದ್ರ ಹಾಸಿಗಿ ಹೊಲಸ ಇರಬೇಕೇನು?" ಅಂದಳು. ನಮ್ಮ ಹೊದಿಕೆಗಳೋ, ಒಳಗೆ ಪಾಲಿಯೆಸ್ಟರ್ ತುಂಬಿದ ದಪ್ಪ ಕಂಫರ್ಟರ್‌ಗಳು. ಮನೆಯ ಮಷೀನಿನಲ್ಲಿ ಹಿಡಿಯಲ್ಲ, ಡ್ರೈಕ್ಲೀನಿಂಗಿಗೆ ಕೊಡಬೇಕು. "ಹಾಸಿಗಿ ಒಗಿಯಾಕೂ ರೊಕ್ಕ ಕೊಡೂದಾ?" ಅಂತ ಅವಳಿಗೆ ನಗು. ಹಾಗೇ ಮನೆಯೆಲ್ಲ ಹುಡುಕ್ತಾ ಪೇಡಾನ ಹಾಸಿಗೆ ಹತ್ತಿರ ಬಂದಳು. ಮುಟ್ಟಲ್ಲ ಅಂದುಕೊಂಡೆ. ಮನೆಯ ಹಾಸಿಗೆ ಅಂದ್ಮೇಲೆ ಅದೂ ಲೆಕ್ಕಕ್ಕೆ ಬಂತು ಅಂತ ಕಾಣತ್ತೆ, ಎತ್ತಿದಳು.

ಅದರ ಕೆಳಗೆ ಒಂದು ಬಿಳಿ ಅಂಗಿ ಇತ್ತು. ತುಂಬುದೋಳಿನದು. ಜೇಬಿನ ಕೆಳಗೆ ಪೆನ್ನು ಸೋರಿ ಆದ ನೀಲಿ ಕಲೆ. ನಾನು ಚೀಲ ಬಾಗಿಲ ಹತ್ತಿರ ಇಟ್ಟು ಬೂಟು ಹಾಕ್ಕೊಳ್ಳುವಾಗ ಪೇಡಾ ಅದರಿಂದ ಎಳ್ಕೊಂಡಿರಬೇಕು. ಬೇರೆ ದಾರಿಯಲ್ಲಿ ಅದು ಅಲ್ಲಿಗೆ ಬಂದಿರೋಕೆ ಸಾಧ್ಯವಿಲ್ಲ.

ಅವ್ವ ಅಂಗಿ ಹಿಡ್ಕೊಂಡು ಹಾಗೇ ನೆಲದ ಮೇಲೆ ಕೂತಳು. "ತಮ್ಮಾ, ಆ ನೀಲಿ ಚೀಲ ಎಲ್ಲಿಟ್ಟೀ?"

ಹೇಳಿದೆ.

ಬೈಯಲಿಲ್ಲ, ಅಳಲಿಲ್ಲ. "ಕೌದಿ ಹೊಲೀಬೇಕಂತ ತಂದಿದ್ನಿ. ನಿನಗಂತನ. ಒಂದ ಮಾತು ಕೇಳಬೇಕಿತ್ತಲ್ಲೋ" ಅಂದಳು. ಅಷ್ಟೇ. ಆ ಸಂಜೆ ಸಂಗ್ರಹ ಮಾಡಿದವರ ಹತ್ತಿರ ಓಡಿದೆ. ಗಾಡಿ ಹೋಗಿ ವಾರ ಕಳೆದಿತ್ತು.

ಉಳಿದದ್ದು ಏನು ಅಂದ್ರೆ ಆ ಒಂದು ಅಂಗಿ, ಮತ್ತು ಅವ್ವ ತನ್ನ ಇಳಕಲ್ ಸೀರೆಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದ ಅಪ್ಪನ ಒಂದು ಧೋತರ. "ಇದರಾಗ ಆಗತೈತಿ" ಅಂತ ಅವಳೇ ತೀರ್ಮಾನ ಮಾಡಿದಳು.

ಶುರು ಮಾಡಿದ್ದು 2022ರ ಅಕ್ಟೋಬರ್ 9, ಭಾನುವಾರ. ಅವತ್ತು ಸೀಗಿ ಹುಣ್ಣಿಮೆ. ಊರಿನಲ್ಲಾಗಿದ್ರೆ ಅಪ್ಪ ಹೊಲಕ್ಕೆ ಹೋಗಿ ಪೂಜೆ ಮಾಡಿ, ಚರಗ ಚೆಲ್ಲಿ, ಎಲ್ಲರೂ ಹೊಲದಲ್ಲೇ ಕೂತು ಬುತ್ತಿ ಬಿಚ್ಚೋ ದಿನ. ಅಪ್ಪ ಇಲ್ಲದ ಮೊದಲ ಸೀಗಿ ಹುಣ್ಣಿಮೆ. ಅವ್ವನ ಕೈಗೆ ಏನಾದ್ರೂ ಕೆಲಸ ಬೇಕಿತ್ತು.

ಕೌದಿ ಹೊಲಿಯೋ ಕ್ರಮ ಹೇಳ್ತೀನಿ, ನೀವೂ ಮಾಡಬಹುದು. ಕೆಳಗೆ ಒಂದು ಹಳೇ ಸೀರೆ ಮಡಚಿ ಹಾಸಬೇಕು. ಅದರ ಮೇಲೆ ಹಳೇ ಬಟ್ಟೆಯ ಪದರ, ಮೂರೋ ನಾಲ್ಕೋ. ಹರಿದದ್ದು, ಮಾಸಿದ್ದು ಒಳಗೆ. ಬಣ್ಣ ಚೆನ್ನಾಗಿರೋದು ಮೇಲೆ. ಪದರ ಜರುಗದ ಹಾಗೆ ಮೊದಲು ಅಲ್ಲಲ್ಲಿ ದೊಡ್ಡ ಹೊಲಿಗೆ. ಆಮೇಲೆ ದಪ್ಪ ಸೂಜಿ, ದಪ್ಪ ದಾರ ತಗೊಂಡು ಅಂಚಿನಿಂದ ಶುರು ಮಾಡಿ, ಸುತ್ತು ಹಾಕ್ತಾ ಹಾಕ್ತಾ ನಡುವಿಗೆ ಬರಬೇಕು. ಚೌಕಟ್ಟು ಬೇಡ, ಮಷೀನ್ ಬೇಡ, ನೆಲ ಸಾಕು. ಸಾಲು ಒತ್ತೊತ್ತಾಗಿದ್ದಷ್ಟೂ ಪದರಗಳು ಒಂದಾಗಿ ಬಾಳಿಕೆ ಬರತ್ತೆ. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡೋದು.

ನಾನು ಉತ್ಸಾಹದಿಂದ ಕಂಪನಿಯ ಟೀ ಶರ್ಟುಗಳ ರಾಶಿ ತಂದು ಸುರಿದೆ. ನಿಮ್ಮ ಮನೆಯಲ್ಲೂ ಇರತ್ತೆ, ಹ್ಯಾಕಥಾನ್, ಟೀಮ್ ಔಟಿಂಗ್, ಮ್ಯಾರಥಾನ್. ಅವ್ವ ಒಂದೊಂದನ್ನೇ ಬೆರಳಲ್ಲಿ ತಿಕ್ಕಿ ನೋಡಿ ಪಕ್ಕಕ್ಕೆ ಎಸೆದಳು. "ಇವು ಅರಬಿ ಅಲ್ಲೋ, ಪ್ಲಾಸ್ಟಿಕ್." ಅವಳ ಮಾತು ಸರಿ. ಪಾಲಿಯೆಸ್ಟರ್ ಬೆವರು ಹೀರಲ್ಲ, ಸೂಜಿಯ ಕೆಳಗೆ ಜಾರತ್ತೆ, ಹೆಣೆದ ಬಟ್ಟೆ ಆಗಿದ್ರಿಂದ ಜಗ್ಗತ್ತೆ. ನೇಯ್ದ ಹತ್ತಿ ಬಟ್ಟೆ, ಅದೂ ನೂರು ಸಲ ಒಗೆದು ಮೆತ್ತಗಾಗಿದ್ದು, ಅದಕ್ಕೆ ಬೆಲೆ. ಕೊನೆಗೆ ಇದರಲ್ಲಿ ಸೇರಿದ್ದು ಅವ್ವನ ಎರಡು ಇಳಕಲ್ ಸೀರೆ, ಅಪ್ಪನ ಧೋತರದ ಅರ್ಧ, ನನ್ನ ಹೆಂಡತಿಯ ಹಳೇ ಗುಳೇದಗುಡ್ಡ ಖಣದ ಕುಪ್ಪಸ, ಮಗಳು ಮೂರು ವರ್ಷದವಳಿದ್ದಾಗಿನ ಒಂದು ಫ್ರಾಕು. ಮತ್ತೆ ಆ ಅಂಗಿ.

ಮಗಳು ಆಗ ಎಂಟನೇ ಕ್ಲಾಸು. ಅಜ್ಜಿ ಹೊಲಿಯೋದು ನೋಡಿ ಲೆಕ್ಕ ಹಾಕಿದಳು. 72 ಇಂಚು ಉದ್ದ, 48 ಇಂಚು ಅಗಲ, ಸಾಲಿಗೂ ಸಾಲಿಗೂ ಒಂದು ಇಂಚು ಬಿಟ್ರೆ ಒಟ್ಟು 3,456 ಇಂಚು ಹೊಲಿಗೆ, ಅಂದ್ರೆ 288 ಅಡಿ. ಇಂಚಿಗೆ ಮೂರು ಅಂದ್ರೂ 10,000ಕ್ಕಿಂತ ಹೆಚ್ಚು ಹೊಲಿಗೆ. ನಾನು ತಕ್ಷಣ ಮನಸ್ಸಿನಲ್ಲೇ ಎಸ್ಟಿಮೇಟ್ ಮಾಡ್ತಾ ಇದ್ದೆ, ಐದು ಜನ, ದಿನಕ್ಕೆ ಇಷ್ಟು ಗಂಟೆ ಅಂತ. ಅವ್ವ ತಲೆ ಎತ್ತದೆ ಹೇಳಿದಳು: "ಎಣಿಸಿಕೋತ ಹೊಲಿದ್ರ ಮುಗಿಯೂದಿಲ್ಲವ್ವಾ."

ಮೊದಲ ದಿನವೇ ಐದನೆಯವರು ಸೇರಿದ್ರು. ಪುಣೆಯಲ್ಲಿ ಅದೇ ಹುಣ್ಣಿಮೆಗೆ ಕೋಜಾಗಿರಿ. ಎದುರು ಮನೆಯ ಕಾಕು ನಮಗೆ ಹಬ್ಬ ಇಲ್ಲ ಅಂತ ಗೊತ್ತಿದ್ದು ಮಸಾಲೆ ಹಾಲು ತಂದುಕೊಡೋಕೆ ಬಂದ್ರು. ಸಾತಾರಾ ಕಡೆಯವರು, ಅವ್ವನ ವಯಸ್ಸಿನವರೇ. ಬಾಗಿಲಲ್ಲೇ ನಿಂತು, "ಅಗ ಬಾಯಿ, ಹೀ ತರ್ ಗೋಧಡೀ!" ಅಂದ್ರು. ಹಾಲಿನ ಲೋಟ ಕೆಳಗಿಟ್ಟು ಸೂಜಿ ಕೈಗೆ ತಗೊಂಡವರು ಒಂಬತ್ತು ಗಂಟೆವರೆಗೆ ಏಳಲಿಲ್ಲ. ಅವ್ವನಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಎರಡು ತಿಂಗಳು ಅಕ್ಕಪಕ್ಕ ಕೂತು ಹೊಲಿದ್ರು. ಅಷ್ಟು ದಿನ ಮನೆಯಲ್ಲಿ ಬಾಲ್ಕನಿ ಬಿಟ್ರೆ ಟೀವಿ ಅಂತಿದ್ದ ಅವ್ವ, ಶನಿವಾರ ಸಂಜೆಯೇ ಕೇಳ್ತಿದ್ದಳು, "ನಾಳೆ ಆಕಿ ಬರತಾಳಲ್ಲ?"

ಇದು ನಮ್ಮೊಬ್ಬರದೇ ಕಲೆ ಅಂತ ಜಂಬ ಪಡಬೇಕಾಗಿಲ್ಲ. ಬಂಗಾಳದಲ್ಲಿ ಕಾಂಥಾ ಇದೆ, ಬಿಹಾರದಲ್ಲಿ ಸುಜನಿ ಇದೆ. ನಮ್ಮಲ್ಲೇ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕೌದಿಯಂತೂ ನೋಡೋಕೇ ಚಂದ. ಅವರು ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಡಚಿ ಹೂವಿನ ಹಾಗೆ ಒಂದು ತುಂಡು ಕೂಡಿಸ್ತಾರೆ, ಅದಕ್ಕೆ ಫುಲಾ ಅಂತಾರೆ. ಅದಿಲ್ಲದಿದ್ರೆ ಕೌದಿ ಬರಿಮೈಯಲ್ಲಿದ್ದ ಹಾಗೆ ಅವರಿಗೆ. ಬಡತನದಿಂದ ಹುಟ್ಟಿದ ವಸ್ತು ನಿಜ. ಆದ್ರೆ ಬಡತನದಲ್ಲೂ ಮೂಲೆಗೊಂದು ಹೂವು ಬೇಕು ಅನ್ನಿಸ್ತಲ್ಲ, ಅದು ನನಗೆ ದೊಡ್ಡದಾಗಿ ಕಾಣತ್ತೆ.

ನಮ್ಮ ಭಾನುವಾರಗಳು ಹೀಗೆ ನಡೀತಿದ್ವು. ಬೆಳಗ್ಗೆ ತಂಪಿರುವಾಗ ಪೇಡಾನ ಜೊತೆ ಟೇಕಡಿ. ಮಳೆ ನಿಂತು ಹುಲ್ಲು ಇನ್ನೂ ಹಸಿರಿರತ್ತೆ, ತುದಿ ಮಾತ್ರ ಹೊಂಬಣ್ಣಕ್ಕೆ ತಿರುಗಿರತ್ತೆ. ಮೊದಲು ಗುಡ್ಡದ ತುದಿವರೆಗೆ ಓಡ್ತಿದ್ದವನು ಆ ವರ್ಷ ಮೊದಲ ತಿರುವಿನಲ್ಲೇ ಕೂತುಬಿಡ್ತಿದ್ದ. 12 ವರ್ಷ ವಯಸ್ಸು, ಹಿಂಗಾಲಿನ ಕೀಲು ನೋವು. ಮನೆಗೆ ಬಂದು ಉಪ್ಪಿಟ್ಟು ತಿಂದು ಎಲ್ಲರೂ ನೆಲಕ್ಕೆ ಕೂತ್ರೆ, ಅವನು ಬಂದು ಸರಿಯಾಗಿ ಕೌದಿಯ ನಡುಮಧ್ಯ ಮಲಗೋನು. ಅವನನ್ನ ಎಬ್ಬಿಸೋ ಬದಲು ನಾವೇ ಸುತ್ತ ಜರುಗ್ತಾ ಹೊಲೀತಿದ್ವಿ. ಹೇಗಿದ್ರೂ ಅಂಚಿನಿಂದ ಒಳಗೆ ಬರೋ ಕೆಲಸ, ನಡುಭಾಗದ ಸರದಿ ಕೊನೆಗೇ.

ವಯಸ್ಸಾದ ನಾಯಿ ಇರೋರಿಗೆ ಎರಡು ಮಾತು. ನಮ್ಮ ಅಪಾರ್ಟ್‌ಮೆಂಟುಗಳ ನುಣುಪು ಟೈಲ್ಸ್ ಅವಕ್ಕೆ ಶತ್ರು. ಕಾಲು ಜಾರಿ ಜಾರಿ ಕೀಲು ಇನ್ನೂ ಹಾಳಾಗತ್ತೆ. ಓಡಾಡೋ ದಾರಿಯಲ್ಲಿ ಜಾರದ ಹಾಗೆ ಏನಾದ್ರೂ ಹಾಸಿ, ಮಲಗೋಕೆ ದಪ್ಪ ಹಾಸಿಗೆ ಕೊಡಿ. ಎರಡನೇದು, ಕುಂಟುತ್ತೆ ಅಂತ ನಿಮ್ಮ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಮಗೆ ಔಷಧಿ, ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ವಿಷ. ಪಶುವೈದ್ಯರನ್ನೇ ಕೇಳಿ.

ನನ್ನ ಹೊಲಿಗೆ ವಿಷಯಕ್ಕೆ ಬಂದ್ರೆ, ಈ ಸಾಲು ನೋಡಿ, ಹಾವು ಹರಿದ ಹಾಗಿದೆ. ಬಿಚ್ಚಿ ಮತ್ತೆ ಹಾಕ್ತೀನಿ ಅಂದೆ. "ಇರಲಿ ಬಿಡು, ಸೊಟ್ಟ ಹೊಲಿಗಿನೂ ಬೆಚ್ಚಗ ಇಡತೈತಿ" ಅಂದಳು ಅವ್ವ. ಒಂದು ಭಾನುವಾರ ಪ್ರೊಡಕ್ಷನ್ ಇಷ್ಯೂ ಅಂತ ಕಾಲ್ ಬಂತು. ಕಿವಿಯಲ್ಲಿ ಹೆಡ್‌ಫೋನ್, ಕೈಯಲ್ಲಿ ಸೂಜಿ. "ಐತವಾರನೂ ಕರೀತಾರೇನೋ ನಿಮ್ಮ ಸಾಹೇಬರು?" ಅಂತ ಅವಳು ಕೇಳಿದ್ದು ಮ್ಯೂಟ್ ಆಗಿರಲಿಲ್ಲ. ಆ ಕಡೆ ಹೈದರಾಬಾದಿನಲ್ಲಿದ್ದ ಕನ್ನಡದವನೊಬ್ಬ ನಗೋದು ಕೇಳಿಸ್ತು.

ಅಕ್ಟೋಬರ್ 24ಕ್ಕೆ ದೀಪಾವಳಿ. ನಾಯಿ ಸಾಕಿದವರಿಗೆ ಅದು ಹೆದರಿಕೆಯ ವಾರ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗೆ ಕೇಳಿದ್ರೆ ಅವುಗಳಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಕೇಳತ್ತೆ. ನಮಗೆ ಕೇಳಿಸದ ಸಣ್ಣ ಸದ್ದೂ ಅವಕ್ಕೆ ದೂರದಿಂದ ಮುಟ್ಟತ್ತೆ. ಹಾಗಿರುವಾಗ ಪಟಾಕಿ ಸರ ಹೇಗಿರಬೇಕು! ಕಿಟಕಿ ಮುಚ್ಚಿ ಪರದೆ ಎಳೆದ್ವಿ, ಫ್ಯಾನ್ ಜೋರು ಮಾಡಿದ್ವಿ. ಆದ್ರೂ ಪೇಡಾ ಬಾತ್‌ರೂಮಿನ ಮೂಲೆ ಸೇರಿ ಗಡಗಡ ನಡುಗ್ತಿದ್ದ. ನಾನು ಕರೆದ್ರೂ ಬರಲಿಲ್ಲ.

ಅವ್ವ ಅರ್ಧ ಹೊಲಿದ ಕೌದಿ ಎತ್ತಿಕೊಂಡು ಹೋಗಿ ಅವನ ಮೇಲೆ ಹೊದಿಸಿದಳು. ಅವನ ಪಕ್ಕ ಒದ್ದೆ ನೆಲದ ಮೇಲೆ ಕೂತಳು. ಹನ್ನೆರಡು ವರ್ಷ ಅವನನ್ನ ಮುಟ್ಟದಿದ್ದ ಕೈ ಕೌದಿಯ ಮೇಲಿಂದ ಬೆನ್ನು ಸವರ್ತಾ ಇತ್ತು. "ಆತು, ಆತು, ಮುಗೀತು" ಅಂತಿದ್ದಳು. ರಾತ್ರಿ ಹನ್ನೊಂದೂವರೆವರೆಗೆ. ಈ ಮೂಲೆ ಅವನು ಕಚ್ಚಿ ಹಿಡಿದದ್ದು ಆವಾಗ. ಆಮೇಲೆ ಇದನ್ನ ರಿಪೇರಿ ಮಾಡೋಣ ಅಂದ್ರೆ ಅವ್ವ ಒಪ್ಪಲಿಲ್ಲ. "ಅದು ಅವನ ಹೊಲಿಗಿ" ಅಂದಳು.

ನವೆಂಬರ್ 27, ಎಂಟನೇ ಭಾನುವಾರ. ನಡುವಿನ ಒಂದು ಗೇಣು ಉಳಿದಿತ್ತು. ಅಲ್ಲಿ ಅವ್ವ ಅಪ್ಪನ ಅಂಗಿಯ ಎದೆಯ ಭಾಗ ಇಟ್ಟಿದ್ದಳು, ಜೇಬಿನ ಸಮೇತ, ನೀಲಿ ಕಲೆ ಸಮೇತ. ಊರಿಂದ ತಂದ ಜೋಳ, ಅಪ್ಪ ಬೆಳೆದ ಕೊನೆಯ ಜೋಳ, ಅದರ ಐದು ಕಾಳು ಜೇಬಿಗೆ ಹಾಕಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಮುಚ್ಚೋ ಹೊಲಿಗೆ ಹಾಕು ಅಂತ ಸೂಜಿ ನನಗೆ ಕೊಟ್ಟಳು.

ಎರಡು ತಿಂಗಳಿಂದ ಬಾಯಿಗೆ ಬಂದು ಬಂದು ವಾಪಸ್ ಹೋಗ್ತಿದ್ದ ಮಾತು ಆಗ ಹೊರಬಂತು. "ಅವ್ವಾ, ಆ ಚೀಲದ್ದು... ತಪ್ಪಾತು."

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡ್ತಿದ್ದಳು. "ದಾರ ಭಾಳ ಜಗ್ಗಬ್ಯಾಡ, ಸುಕ್ಕು ಬೀಳತಾವ" ಅಂದಳು.

ಆ ಚಳಿಗಾಲ ಕೌದಿಯಲ್ಲಿ ಮಲಗಿದ್ದು ನಾನಲ್ಲ, ಪೇಡಾ. 2023ರ ಆಗಸ್ಟ್‌ನಲ್ಲಿ ಅವನು ಹೋದ, ಇದರ ಮೇಲೆ ಮಲಗಿದ್ದಾಗಲೇ. ಇದರಲ್ಲೇ ಸುತ್ತಿ ಮಣ್ಣು ಮಾಡೋಣ ಅಂತ ನಾನು ಹಟ ಹಿಡಿದೆ. ಅವ್ವ ಬೇಡ ಅಂದಳು. ಟ್ರಂಕಿನಿಂದ ಅಪ್ಪನ ಧೋತರದ ಉಳಿದ ಅರ್ಧ ತಂದು ಕೊಟ್ಟಳು. "ಇದನ್ನ ಹೊದಿಸು. ಕೌದಿ ಇರೋರಿಗೆ."

ಆ ವರ್ಷ ನವರಾತ್ರಿಗೆ ಮುಂಚೆ ಕೌದಿ ಒಗೆದ್ವಿ. ಸೊಸೈಟಿಯ ಟೆರೇಸಿನಲ್ಲಿ ನಾನೂ ಮಗಳೂ ಎರಡು ತುದಿ ಹಿಡಿದು ಹಿಂಡಿ, ಬಿಸಿಲಿಗೆ ಹರವಿದ್ವಿ. ಸಂಜೆ ಜೇಬು ಮುಟ್ಟಿ ನೋಡಿದ್ರೆ ಕಾಳು ಇರಲಿಲ್ಲ, ನೆಂದು ಹಿಟ್ಟಾಗಿ ತೊಳೆದುಹೋಗಿತ್ತು. ನನಗೆ ಎದೆ ಧಸಕ್ಕಂತು. ಅವ್ವ ನಕ್ಕಳು. "ಉಂಡೈತಿ ಬಿಡು" ಅಂದು ಇನ್ನೂ ಐದು ಕಾಳು ಹಾಕಿದಳು.

ಈಗ ಇದು ಮಗಳ ಹೊದಿಕೆ. ಅವ್ವ ಆರು ತಿಂಗಳು ಊರಿನಲ್ಲಿ, ಆರು ತಿಂಗಳು ಇಲ್ಲಿ. ಮಳೆ ನಿಂತ ಕೂಡಲೇ ಬರ್ತಾಳೆ, ಎದುರು ಮನೆ ಕಾಕು ಕಾಯ್ತಿರ್ತಾರೆ. ಎರಡನೇ ಕೌದಿ ನಡೀತಿದೆ, ಅರ್ಧ ಕನ್ನಡ ಸೀರೆ, ಅರ್ಧ ಮರಾಠಿ ಸೀರೆ.

ನಿಮಗೆ ದೊಡ್ಡ ಉಪದೇಶ ಏನೂ ಇಲ್ಲ. ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ಹೈದರಾಬಾದ್, ದೆಹಲಿಯಲ್ಲಿರಲಿ, ನಮ್ಮೆಲ್ಲರ ಮನೆ ಚಿಕ್ಕದು, ಕಪಾಟು ಇನ್ನೂ ಚಿಕ್ಕದು. ಊರಿಂದ ಬಂದ ಚೀಲ ಖಾಲಿ ಮಾಡೋ ಮುಂಚೆ, ತಂದವರನ್ನ ಒಂದು ಮಾತು ಕೇಳಿ. ನನ್ನ ಮನೆಯಲ್ಲಿ ಆ ಕೆಲಸ ನಾಯಿ ಮಾಡ್ತು. ನಿಮ್ಮ ಮನೆಯಲ್ಲಿ ನಾಯಿ ಇರಲಿಕ್ಕಿಲ್ಲ.

ಮಾತು ಮುಗೀತು. ಕೌದಿ ಇಲ್ಲೇ ಇರತ್ತೆ, ಬಂದು ಮುಟ್ಟಿ ನೋಡಿ. ನಡುವೆ ಜೇಬಿನ ಹತ್ತಿರ ಒತ್ತಿದ್ರೆ ಕಾಳು ಕೈಗೆ ಸಿಗತ್ತೆ. ಈ ವರ್ಷದ್ದು.